ಕೋಳಿಗಳ ಪಾಲು

ಗುಡ್ಡದ ಮನೆಯ ನೆಸ್ಟಾ ಟ್ರಾಂಟರ್‌ಗೆ ಏದುಸಿರು ಬಿಡುವುದನ್ನು ಹೇಳಿಕೊಟ್ಟವಳು ಅವಳ ಅಮ್ಮ. ಆಗ ಹುಡುಗಿಗೆ ಐದೋ ಆರೋ ವರ್ಷ.

"ಬಾಯಿ ಒಂಚೂರು ತೆರಿ. ಭುಜ ಏರಿಸು, ಇಳಿಸು. ಅಷ್ಟೊಂದಲ್ವೇ, ಸಾಯೋಕ್ ಬಿದ್ದಿರೋ ಕುದುರೆ ಥರ ಕಾಣ್ತೀಯ! ಕೆಳಗಿನೂರಿಂದ ಗುಡ್ಡ ಹತ್ತಿ ಬಂದೋಳ ಥರ ಇರ್ಬೇಕು, ಅಷ್ಟೆ."

ಏದುಸಿರಿಗೂ ಪಾಠವೇ ಎಂದು ನಗಬೇಡಿ. ಶ್ರಾಪ್‌ಶೈರಿನ ಆ ಗುಡ್ಡಸಾಲಿನಲ್ಲಿ, ಹೋಪ್‌ಬ್ಯಾಚ್ ಊರಿನ ಮೇಲ್ಗಡೆ, ಬೇಸಿಗೆಯಲ್ಲಿ ಮನೆ ಬಾಡಿಗೆಗೆ ಕೊಡುವವರ ಮಕ್ಕಳು ಕಲಿಯಬೇಕಾದ ವಿದ್ಯೆಗಳು ಬಹಳ ಇದ್ದವು. ಸದ್ದಿಲ್ಲದೆ ನಗುವುದು. ದಿಂಬಿಗೆ ಮುಖ ಒತ್ತಿಕೊಂಡು ಸೀನುವುದು. ಗುಬ್ಬಿಗೂ ಕೇಳಿಸದ ಹಾಗೆ ಜಗಳವಾಡುವುದು.

ಆಗಸ್ಟ್ ಬಂತೆಂದರೆ ಪಟ್ಟಣದವರು ಗುಡ್ಡಕ್ಕೆ ಬರುತ್ತಿದ್ದರು. ವರ್ಷವೆಲ್ಲ ಕಾರ್ಖಾನೆಯ ಹೊಗೆ ಕುಡಿದವರು ಎರಡು ವಾರ ಗುಡ್ಡದ ಗಾಳಿ ಕುಡಿಯಲು ಬರುತ್ತಿದ್ದರು. ಅವರಿಗೆ ಮನೆ ಬೇಕು. ಗುಡ್ಡದವರಿಗೆ ಚಳಿಗಾಲಕ್ಕೆ ಕಲ್ಲಿದ್ದಲು ಬೇಕು, ಮಕ್ಕಳ ಕಾಲಿಗೆ ಬೂಟು ಬೇಕು. ಆದರೆ ಗುಡ್ಡದವರಿಗೆ ಇದ್ದದ್ದು ತಲೆಗೊಂದು ಸೂರು, ಅಷ್ಟೇ. ಆ ಸೂರನ್ನೇ ಕೊಟ್ಟರೆ ತಾವು ಇರುವುದೆಲ್ಲಿ? ಒಬ್ಬರು ಗಾಡಿ ನಿಲ್ಲಿಸುವ ಕೊಟ್ಟಿಗೆಗೆ ಹೋಗುತ್ತಿದ್ದರು, ಇನ್ನೊಬ್ಬರು ಬಟ್ಟೆ ಒಗೆಯುವ ಕೋಣೆಗೆ. ಟ್ರಾಂಟರ್ ಸಂಸಾರ ಮಾತ್ರ ರೈಲುಡಬ್ಬಿಗೆ ಹೋಗುತ್ತಿತ್ತು.

ಸೀಸದ ಗಣಿ ಮುಚ್ಚಿದ ವರ್ಷ ಗಣಿ ರೈಲಿನ ಸಾಮಾನು ಡಬ್ಬಿಗಳನ್ನು ಕೇಳಿದವರಿಗೆಲ್ಲ ಕೊಟ್ಟುಬಿಟ್ಟರಂತೆ. ನೆಸ್ಟಾಳ ಅಪ್ಪ ಅದರಲ್ಲೊಂದನ್ನು ಕಂಡವರ ಕುದುರೆ ಎರವಲು ತಂದು ಎಳೆಸಿ, ಹಿತ್ತಲಿನ ಕಾಡು ಪ್ಲಮ್ ಗಿಡಗಳ ಬೇಲಿಯ ಆಚೆ, ತಗ್ಗಿನಲ್ಲಿ ಕೂರಿಸಿದ. ಮನೆಯ ಯಾವ ಕಿಟಕಿಯಿಂದ ಕತ್ತು ಚಾಚಿದರೂ ಕಾಣದ ಜಾಗ. ಒಳಗೆ ಎರಡೂ ಬದಿಗೆ ಹಲಗೆ ಬಡಿದು ಮಲಗಲು ಮಂಚ ಮಾಡಿದ. ಮೂಲೆಗೊಂದು ಕಬ್ಬಿಣದ ಒಲೆ ಇಟ್ಟ, ಅದಕ್ಕೊಂದು ಹೊಗೆಕೊಳವೆ ಹಾಕಿದ. ಕೆಟಲಿನ ಸೀಟಿಯನ್ನು ಅಮ್ಮ ಕಿತ್ತು ಎಸೆದಳು. ಸೀಟಿ ಊದಿ ನಾವಿಲ್ಲಿದ್ದೀವಿ ಅಂತ ಡಂಗುರ ಸಾರಿಸಬೇಕೇ?

ಅಮ್ಮನ ಕಾನೂನು ಒಂದೇ ಒಂದು. "ಬಂದೋರಿಗೆ, ಯಾರನ್ನೋ ಎಬ್ಬಿಸಿ ಅವರ ಮನೇಲಿ ನಾವಿದ್ದೀವಿ ಅಂತ ಅನ್ನಿಸ್ಬಾರ್ದು. ಹಾಗನ್ನಿಸಿದ್ರೆ ಅವ್ರು ಉಂಡಿದ್ದು ಮೈಗೆ ಹತ್ತಲ್ಲ."

ಅದಕ್ಕೇ ಬಾಡಿಗೆಯವರು ಬರುವ ಹಿಂದಿನ ದಿನ ಗೋಡೆಯ ಮೇಲಿನ ಫೋಟೋಗಳೆಲ್ಲ ಪೆಟ್ಟಿಗೆ ಸೇರುತ್ತಿದ್ದವು. ಬಾಗಿಲ ಹಿಂದಿನ ಅಪ್ಪನ ಕೋಟು ಹೋಗಬೇಕು, ಕಿಟಕಿ ಮೇಲಿನ ನೆಸ್ಟಾಳ ಬಣ್ಣದ ಕಲ್ಲುಗಳು ಹೋಗಬೇಕು. ಆಮೇಲೆ ಶುರುವಾಗುವುದು ದಿನದಿನದ ಪ್ರದಕ್ಷಿಣೆ. ಮೊಟ್ಟೆ, ಹಾಲು, ಬ್ರೆಡ್ಡು ಕೊಡಲು ಮನೆಗೆ ಹೋಗಬೇಕಲ್ಲ? ಬೇಲಿ ದಾಟಿದರೆ ಹಿಂಬಾಗಿಲು. ಆದರೆ ಹಾಗೆ ಹೋಗುವ ಹಾಗಿಲ್ಲ. ಹಿಂದಿನ ಹೊಲಕ್ಕಿಳಿದು, ಕಾಲುವೆಗುಂಟ ಕೆಳಗೆ ಹೋಗಿ, ದಾರಿಗೆ ಸೇರಿ, ಅಲ್ಲಿಂದ ಗುಡ್ಡ ಹತ್ತಿ, ಮುಂಬಾಗಿಲಿನ ಗೇಟಿಗೆ ಬರಬೇಕು. ಬಿಸಿಲಿದ್ದರೆ ಬೂಟಿನ ಮೇಲೆ ಧೂಳು ಬೇಕು. ಮಳೆಯಾದರೆ ತಲೆ ನೆನೆದಿರಬೇಕು. ಎಲ್ಲಕ್ಕಿಂತ ಮುಖ್ಯ, ಏದುಸಿರು.

"ನೀವೆಲ್ಲಿರ್ತೀರಮ್ಮ?" ಎಂದು ಯಾರೋ ಕೇಳಿದ್ದಕ್ಕೆ ಅಮ್ಮ ತಡಬಡಾಯಿಸಿ, "ಕೆಳಗೆ, ನಮ್ಮಕ್ಕನ ಮನೇಲಿ. ಪೆಗ್ಗಿ ಅಂತ," ಎಂದಿದ್ದಳು. ಅಮ್ಮನಿಗೆ ಅಕ್ಕನೇ ಇರಲಿಲ್ಲ. ಅವತ್ತು ಹುಟ್ಟಿದ ಪೆಗ್ಗಿ ದೊಡ್ಡಮ್ಮ ಮುಂದೆ ಬಹಳ ಕಾಲ ಬದುಕಿದಳು. ಕೇಳಿದವರಿಗೆ ಬರೀ ಚೆನ್ನಾಗಿದ್ದಾಳೆ ಅಂದರೆ ನಂಬಿಕೆ ಬರುವುದಿಲ್ಲವೆಂದು ಅಮ್ಮ ಅವಳಿಗೆ ಸೊಂಟನೋವು ಕೊಟ್ಟಳು, ಸಿಡುಕು ಸ್ವಭಾವ ಕೊಟ್ಟಳು, ಒಂದು ಕುಂಟ ಬೆಕ್ಕನ್ನೂ ಕೊಟ್ಟಳು.

ಇಷ್ಟೆಲ್ಲ ಜಾಗ್ರತೆಗೂ ಕಾರಣವಿತ್ತು. ಮೊದಲನೇ ವರ್ಷವೇ ಶ್ರೂಸ್‌ಬರಿಯಿಂದ ಮೇಷ್ಟ್ರೊಬ್ಬರು ಹೆಂಡತಿಯ ಜೊತೆ ಬಂದಿದ್ದರು. ಒಳ್ಳೆಯವರು. ಮೂರನೇ ದಿನ ಬೇಲಿಯ ಪಕ್ಕ ಕೂತು ಪೇಪರ್ ಓದುತ್ತಿದ್ದಾಗ ಬೇಲಿ ಸೀನಿತು. ಸೀನಿದವನು ನೆಸ್ಟಾಳ ತಮ್ಮ ಐವರ್. ಮೇಷ್ಟ್ರು ಎದ್ದು ಬಂದು ನೋಡಿದರು. ಒಲೆ, ಮಂಚ, ಹರಕು ಕಂಬಳಿ ಹೊದ್ದ ಸಂಸಾರ. ಅವರ ಮುಖ ಬೆಳ್ಳಗಾಯಿತು. "ಕ್ಷಮಿಸಿ... ನಮಗೆ ಗೊತ್ತಿರ್ಲಿಲ್ಲ... ಛೆ, ಎಂಥಾ ಕೆಲಸ ಆಯ್ತು!" ಅಮ್ಮ ಎಷ್ಟು ಕೇಳಿಕೊಂಡರೂ ನಿಲ್ಲದೆ, ಪೂರ್ತಿ ಬಾಡಿಗೆ ಮೇಜಿನ ಮೇಲಿಟ್ಟು, ಮಧ್ಯಾಹ್ನದ ಬಸ್ಸಿಗೇ ಹೊರಟುಹೋದರು. ಮತ್ತೆ ಬರಲಿಲ್ಲ. ಅಮ್ಮ ಅವತ್ತು ಒಲೆಯ ಮುಂದೆ ಕೂತು ಅತ್ತಳು. ಐವರ್ ಮುದುಕನಾದ ಮೇಲೂ ಸೀನು ಬಂದರೆ ಸುತ್ತ ನೋಡುತ್ತಿದ್ದ.

ಆದರೆ ಒಂದು ಮಾತು. ಆ ರೈಲುಡಬ್ಬಿಯೊಳಗಿನ ದಿನಗಳಷ್ಟು ಸುಖದ ದಿನಗಳನ್ನು ನೆಸ್ಟಾ ಮತ್ತೆ ಕಾಣಲಿಲ್ಲ. ಮನೆಯಲ್ಲಿದ್ದಾಗ ಅಪ್ಪ ಒಂದು ಮೂಲೆ, ಅಮ್ಮ ಒಂದು ಮೂಲೆ. ಡಬ್ಬಿಯಲ್ಲಿ ಮೂಲೆಗಳೇ ಕಡಿಮೆ. ಎಲ್ಲರ ಮೊಣಕಾಲಿಗೆ ಎಲ್ಲರ ಮೊಣಕಾಲು. ಮಾತಾಡುವ ಹಾಗಿಲ್ಲದ್ದರಿಂದ ಅಪ್ಪ ಕೈಸನ್ನೆಯಲ್ಲೇ ಊರವರ ನಕಲು ಮಾಡುತ್ತಿದ್ದ. ಪಾದ್ರಿ ಮೂಗು ಒರೆಸಿಕೊಳ್ಳುವುದು, ಕಟುಕ ತೂಕದಲ್ಲಿ ಹೆಬ್ಬೆರಳು ಒತ್ತುವುದು. ಮಕ್ಕಳು ನಗು ತಡೆಯಲಾರದೆ ಕಂಬಳಿ ಕಚ್ಚುತ್ತಿದ್ದರು. ಬೆಳಗ್ಗೆ ಗುಡ್ಡಕ್ಕೆ ಹೋಗಿ ಬುಟ್ಟಿ ತುಂಬ ವಿಂಬೆರಿ ಹಣ್ಣು ಕಿತ್ತು ತಂದರೆ ಎಲ್ಲರ ನಾಲಿಗೆಯೂ ನೇರಳೆ ಬಣ್ಣ. ಅಮ್ಮ ಹಿಟ್ಟಿನ ಹೊದಿಕೆಯೊಳಗೆ ಆ ಹಣ್ಣು ತುಂಬಿ ಆ ಪುಟ್ಟ ಒಲೆಯಲ್ಲೇ ಪೈ ಮಾಡುತ್ತಿದ್ದಳು. ಒಂದು ಪಕ್ಕ ಕರಿಕಲು, ಒಂದು ಪಕ್ಕ ಹಸಿ. ಅಂಥ ರುಚಿಯ ಪೈ ಮುಂದೆ ನೆಸ್ಟಾ ಶಾಲೆಯ ಅಡುಗೆಮನೆಯಲ್ಲಿ ಇಷ್ಟು ವರ್ಷ ಬೇಯಿಸಿದರೂ ಅವಳ ಕೈಗೆ ಬರಲಿಲ್ಲ.

ಮೇಷ್ಟ್ರು ಹೋದ ಮಾರನೇ ವರ್ಷ ಬಂದವರು ಹಿಂಗ್ಲಿ ಸಂಸಾರ. ಬೀಗ ಮಾಡುವ ಊರು ವಿಲನ್‌ಹಾಲ್‌ನವರು. ಗಂಡ ಹೆಂಡತಿ, ಒಬ್ಬ ಮಗ, ಒಬ್ಬಳು ಮಗಳು. ಮಗ ಲೆನರ್ಡ್‌ಗೆ ನೆಸ್ಟಾಳಷ್ಟೇ ವಯಸ್ಸು. ಆ ಸಂಸಾರದಂಥ ಬಾಡಿಗೆಯವರು ಸಿಗುವುದು ಪುಣ್ಯ ಎನ್ನುತ್ತಿದ್ದಳು ಅಮ್ಮ. ಬೆಳಗಿನ ತಿಂಡಿಯಾದದ್ದೇ ನಾಲ್ವರೂ ಗುಡ್ಡಕ್ಕೆ ಹೊರಟರೆ ಬರುವುದು ಸಂಜೆ ಚಹಾದ ಹೊತ್ತಿಗೇ. ಮಳೆ ಬರಲಿ, ಸಿಡಿಲು ಬರಲಿ, ಹೋಗಿಯೇ ಹೋಗುತ್ತಿದ್ದರು. ಅಷ್ಟರಲ್ಲಿ ಅಮ್ಮ ಪಂಪಿನಿಂದ ನೀರು ತುಂಬಿಕೊಂಡು, ಬಟ್ಟೆ ಒಗೆದು ಒಣಗಿಸಿ ಎತ್ತಿಡುತ್ತಿದ್ದಳು. ಮಕ್ಕಳು ಅಂಗಳದಲ್ಲಿ ಬೇಕಾದಷ್ಟು ಕಿರುಚಾಡುತ್ತಿದ್ದರು.

"ಮಳೇಲಿ ಅದೇನು ನೋಡ್ತಾರೋ ಈ ಹುಚ್ಚರು," ಎಂದು ಅಪ್ಪ ನಗುತ್ತಿದ್ದ.

"ಸುಮ್ನಿರಿ. ದೇವ್ರು ನಮಗೆ ಹುಚ್ಚರನ್ನೇ ಕೊಡ್ಲಿ," ಎನ್ನುತ್ತಿದ್ದಳು ಅಮ್ಮ.

ಹಿಂಗ್ಲಿಯವರಿಗೆ ಒಂದು ದೊಡ್ಡ ದೋಷವಿತ್ತು, ಅಳತೆ ಗೊತ್ತಿರಲಿಲ್ಲ. ತಿನ್ನುವ ಬಾಯಿ ನಾಲ್ಕಿದ್ದರೆ ಎಂಟು ಬಾಯಿಗೆ ಸಾಮಾನು ತರುತ್ತಿದ್ದರು. ಮಿಕ್ಕಿದ್ದನ್ನು ಶ್ರೀಮತಿ ಹಿಂಗ್ಲಿ ಬೇಲಿಯ ಹತ್ತಿರದ ಮೋಟುಗೋಡೆಯ ಮೇಲೆ ಬಟ್ಟೆ ಮುಚ್ಚಿ ಇಡುತ್ತಿದ್ದಳು. "ಜಾಸ್ತಿ ಆಗೋಯ್ತಮ್ಮ. ನಿಮ್ಮ ಕೋಳಿಗಳಿಗೆ ಹಾಕ್ಬಿಡಿ." ಅರ್ಧ ಕೇಕು, ಹಂದಿಮಾಂಸದ ಚೂರು, ಒಂದು ಸಲ ಸಕ್ಕರೆಪಾಕದ ಪೇರುಹಣ್ಣಿನ ಟಿನ್ನು. ಟಿನ್ನು ತೆರೆದೇ ಇರಲಿಲ್ಲ. ಪಕ್ಕದಲ್ಲಿ ಅದನ್ನು ತೆರೆಯುವ ಕೀಲಿಯೂ ಇತ್ತು.

"ಕೋಳಿ ಟಿನ್ನು ಹೆಂಗೆ ತೆಗೀತದಮ್ಮ?" ಎಂದ ಐವರ್.

"ಪಟ್ಟಣದೋರಿಗೆ ಕೋಳಿ ವಿಷ್ಯ ಏನೋ ಗೊತ್ತು! ತಿನ್ನು, ಸುಮ್ನೆ," ಎಂದಳು ಅಮ್ಮ.

ಕಾಲ ಯಾರ ಮನೆಯ ಬಾಡಿಗೆಯಾಳು? ಹೋಗುತ್ತಲೇ ಇತ್ತು. ಅಪ್ಪ ಹೋದ, ಅಮ್ಮ ಹೋದಳು, ಮುಪ್ಪಿನಲ್ಲಿ ಐವರ್ ಕೂಡ ಹೋದ. ನೆಸ್ಟಾ ಮದುವೆಯಾಗಲಿಲ್ಲ. ಕೇಳಿದವರಿಲ್ಲವೆಂದಲ್ಲ, ಕೇಳಿದವರೆಲ್ಲ ಆಗಸ್ಟಿನಲ್ಲೇ ಕೇಳಿದರು, ಆಗ ಅವಳಿಗೆ ಪುರಸೊತ್ತಿರಲಿಲ್ಲ ಎಂದು ಊರವರು ತಮಾಷೆ ಮಾಡುತ್ತಿದ್ದರು. ಪಂಪು ಹೋಗಿ ನಲ್ಲಿ ಬಂತು. ಅತ್ತ ಹಿಂಗ್ಲಿಯ ಮಗ ಲೆನರ್ಡ್ ದೊಡ್ಡವನಾಗಿ, ಬಸ್ ಡ್ರೈವರಾಗಿ, ಮೇವಿಸ್ ಎಂಬವಳನ್ನು ಮದುವೆಯಾಗಿ, ಅಪ್ಪನ ಹಾಗೇ ಅದೇ ಎರಡು ವಾರ, ಅದೇ ಮನೆಗೆ ಬರುತ್ತಲೇ ಇದ್ದ. ನೆಸ್ಟಾ ಹೊಲ ಇಳಿದು, ಗುಡ್ಡ ಹತ್ತಿ, ಏದುಸಿರು ಬಿಡುತ್ತ ಗೇಟಿಗೆ ಹೋಗುತ್ತಲೇ ಇದ್ದಳು. ಪೆಗ್ಗಿ ದೊಡ್ಡಮ್ಮನ ವಯಸ್ಸು ನೂರು ದಾಟುವುದರಲ್ಲಿದೆ ಎಂದು ಲೆಕ್ಕಕ್ಕೆ ಬಂದಾಗ ನೆಸ್ಟಾಗೆ ಗಾಬರಿಯಾಗಿ, ಆ ಚಳಿಗಾಲದಲ್ಲಿ ಅವಳನ್ನು ಸಾಯಿಸಿದಳು. ಆಗಸ್ಟಿನಲ್ಲಿ ಸುದ್ದಿ ಕೇಳಿ ಮೇವಿಸ್ ಕಣ್ಣೊರೆಸಿಕೊಂಡಳು. ಮನೆಯ ಕೋಳಿಗಳೂ ಯಾವಾಗಲೋ ತೀರಿಹೋಗಿದ್ದವು. ಕೊನೆಯದನ್ನು ನರಿ ಒಯ್ದಿತ್ತು. ಆದರೂ ಮೋಟುಗೋಡೆಯ ಮೇಲೆ ಅರ್ಧ ಕೇಕು ಬರುತ್ತಿತ್ತು, "ಕೋಳಿಗಳಿಗೆ ಬಹಳ ಹಿಡಿಸ್ತು," ಎಂದು ನೆಸ್ಟಾ ಹೇಳುತ್ತಿದ್ದಳು.

ಈಗ ಅವಳಿಗೆ ಪಿಂಚಣಿ ಬರುತ್ತದೆ. ಮನೆ ಬಾಡಿಗೆಗೆ ಕೊಡಬೇಕಾದ ಅಗತ್ಯವಿಲ್ಲ. ಆದರೆ ಬಾಡಿಗೆ ಕೊಡದಿದ್ದರೆ ರೈಲುಡಬ್ಬಿಗೆ ಹೋಗಲು ನೆಪವೇನಿದೆ? ವರ್ಷವೆಲ್ಲ ಆ ಕಲ್ಲಿನ ಮನೆಯಲ್ಲಿ ಅವಳೊಬ್ಬಳೇ. ಆಗಸ್ಟಿನಲ್ಲಿ ಡಬ್ಬಿಯ ಹಲಗೆಯ ಮೇಲೆ ಮೈಚಾಚಿದಾಗ ಮಾತ್ರ ಎದುರಿನ ಹಲಗೆಯಲ್ಲಿ ಅಪ್ಪ ಇರುತ್ತಿದ್ದ, ಕಾಲ ಬುಡದಲ್ಲಿ ಐವರ್ ಇರುತ್ತಿದ್ದ.

ಇಂಥದ್ದರಲ್ಲಿ ಹೋದ ವಸಂತದಲ್ಲಿ ಡಬ್ಬಿ ಗುಡಿಸಲು ಹೋದವಳು ಅದರ ಮೆಟ್ಟಿಲಿನಿಂದ ಜಾರಿ ಬಿದ್ದಳು. ಮಂಡಿ ಊದಿತು. ಐವರ್‌ನ ಮಗಳು ಡಿಲಿಸ್, ಕೆಳಗಿನೂರಿನಲ್ಲಿ ಕುರಿ ಸಾಕಿಕೊಂಡಿರುವವಳು, ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಸಾಕತ್ತೆ. ಈ ವರ್ಷ ಬಾಡಿಗೆಯವ್ರು ಬೇಡ."

"ಹಿಂಗ್ಲಿಯವ್ರಿಗೆ ಮಾತು ಕೊಟ್ಟಾಗಿದೆ. ಪಾಪ, ಮೇವಿಸ್ ಹೋದಳಂತೆ ಚಳಿಗಾಲದಲ್ಲಿ. ಒಬ್ರೇ ಬರ್ತಾರೆ."

"ಬರ್ಲಿ. ನೀನು ನಮ್ಮನೇಲಿರು."

"ನಿಮ್ಮನೇಲಿ ಕುರಿ ವಾಸ್ನೆ."

"ಹಂಗಿದ್ರೆ ಒಂದು ಮಾತು ಕೇಳು. 'ನಾನು ಬೇಲಿ ಹಿಂದೆ ಇರ್ತೀನಿ, ಬಿದ್ದರೆ ಕೂಗ್ತೀನಿ, ಬಂದು ನೋಡಿ' ಅಂತ ಆ ಮನುಷ್ಯನಿಗೆ ಹೇಳು. ಹೇಳಲ್ಲ ಅಂದ್ರೆ ಆ ಡಬ್ಬೀನ ಒಡೆದು ಸೌದೆ ಮಾಡಿಸ್ತೀನಿ. ಹುಡುಗಾಟಕ್ಕೆ ಹೇಳ್ತಿಲ್ಲ ನಾನು."

"ಹೇಳಿದ್ರೆ ಅವ್ರು ಅವತ್ತೇ ಬಸ್ ಹತ್ತುತಾರೆ ಕಣೇ! ಇಷ್ಟು ವರ್ಷ ಇವರನ್ನ ಹೊರಗೆ ಹಾಕಿ ಮಲಗಿದ್ವಿ ಅಂತ ಅವ್ರಿಗೆ ಹೇಗಾಗ್ಬೇಡ? ಮೇಷ್ಟ್ರು ಕಥೆ ಗೊತ್ತಿಲ್ವಾ ನಿಂಗೆ?"

"ಹುಟ್ಟಿದಾಗಿಂದ ಕೇಳಿದೀನಿ. ಒಂದು ಸೀನಿಗೆ ನಮ್ಮಪ್ಪ ಜೀವನಪೂರ್ತಿ ಬೈಸ್ಕೊಂಡ." ಡಿಲಿಸ್ ಗೇಟಿನಲ್ಲಿ ತಿರುಗಿ ನಿಂತಳು. "ಹೇಳು. ಇಲ್ಲ ಅಂದ್ರೆ ಸೌದೆ."

ಹೇಳಿದರೆ ಬಾಡಿಗೆಯವರು ಹೋಗುತ್ತಾರೆ, ಹೇಳದಿದ್ದರೆ ಡಬ್ಬಿ ಹೋಗುತ್ತದೆ. ಎರಡರಲ್ಲಿ ಯಾವುದಾದರೂ ಅವಳ ಆಗಸ್ಟ್ ಮುಗಿದ ಹಾಗೇ. ನೆಸ್ಟಾ ಯೋಚಿಸಿ ಯೋಚಿಸಿ, ಡಿಲಿಸ್‌ಗೆ "ಹೇಳ್ದೆ" ಎಂದಳು, ಹಿಂಗ್ಲಿಗೆ ಏನೂ ಹೇಳಲಿಲ್ಲ.

ಲೆನರ್ಡ್ ಹಿಂಗ್ಲಿ ಬಂದದ್ದು ಬಸ್ಸಿನಲ್ಲಿ. ಕಣ್ಣು ಮಂಜಾದ ಮೇಲೆ ಕಾರು ಮಾರಿದ್ದ. ಉದ್ದ ಆಸಾಮಿ, ಈಗ ಒಂದಿಷ್ಟು ಬಾಗಿದ್ದ. ಒಂದೇ ಪೆಟ್ಟಿಗೆ. ನೆಸ್ಟಾ ಕೋಲೂರಿಕೊಂಡು ಹೊಲ ಸುತ್ತಿ, ದಾರಿ ಹತ್ತಿ ಗೇಟಿಗೆ ಬಂದಾಗ ಬಿಟ್ಟ ಏದುಸಿರು ಈ ಸಲ ಅಪ್ಪಟ ನಿಜದ್ದಾಗಿತ್ತು.

"ಟ್ರಾಂಟರ್ ಅವರೇ, ಕೂತ್ಕೊಳ್ಳಿ, ಕೂತ್ಕೊಳ್ಳಿ. ಗುಡ್ಡ ವರ್ಷವರ್ಷಕ್ಕೂ ಎತ್ತರ ಆಗ್ತಿದೆ."

"ಹೌದು ಹಿಂಗ್ಲಿಯವರೇ. ಯಾರೋ ಮಣ್ಣು ತಂದು ಸುರೀತಿರ್ಬೇಕು."

ಇಬ್ಬರೂ ಸ್ವಲ್ಪ ಹೊತ್ತು ಮೇವಿಸ್ ಕೂರುತ್ತಿದ್ದ ಬೆಂಚಿನ ಕಡೆ ನೋಡದೆ ಕೂತರು.

"ಅಳತೆ ತಪ್ಪಿ ಹ್ಯಾಮ್ ಜಾಸ್ತಿ ತಂದ್ಬಿಟ್ಟಿದೀನಿ," ಎಂದ ಲೆನರ್ಡ್ ಕೊನೆಗೆ. "ಗೋಡೆ ಮೇಲೆ ಇಟ್ಟಿರ್ತೀನಿ. ಕೋಳಿಗಳು ಹೇಗಿವೆ?"

"ವಯಸ್ಸಾಯ್ತು ಅವಕ್ಕೂ," ಎಂದಳು ನೆಸ್ಟಾ.

ಮೂರು ದಿನ ಎಲ್ಲ ಸುಸೂತ್ರ ನಡೆಯಿತು. ನಾಲ್ಕನೆಯ ಬೆಳಗ್ಗೆ ನೆಸ್ಟಾ ಹಲಗೆಯಿಂದ ಇಳಿದು ಒಲೆಗೆ ಸೌದೆ ಹಾಕಲು ಬಗ್ಗಿದ್ದೇ, ಮಂಡಿ ಹಿಡಿದುಕೊಂಡುಬಿಟ್ಟಿತು. ಹಾಗೇ ಕುಸಿದು ನೆಲಕ್ಕೆ ಕೂತಳು. ಏಳಲು ನೋಡಿದಳು, ಆಗಲಿಲ್ಲ. ಬಾಗಿಲ ಹಿಡಿ ಕೈಗೆ ಎಟುಕದು. ಹೊರಗೆ ಬಿಸಿಲೇರುತ್ತಿತ್ತು. ತಲೆಯ ಮೇಲೆ ಅಮ್ಮನ ಕಾಲದ ಹಿತ್ತಾಳೆ ಬೋಗುಣಿ ನೇತಾಡುತ್ತಿತ್ತು. ಕೋಲಿನಿಂದ ಒಂದು ಬಾರಿಸಿದರೆ ಬೇಲಿಯಾಚೆ ಏಕೆ, ಹೋಪ್‌ಬ್ಯಾಚ್‌ಗೇ ಕೇಳಿಸುತ್ತದೆ.

ಅವಳು ಕೋಲೆತ್ತಿದಳು. ಮತ್ತೆ ಇಳಿಸಿದಳು. ಅಮ್ಮ ಅತ್ತದ್ದು ಇದೇ ಒಲೆಯ ಮುಂದೆ. ಇಷ್ಟು ವರ್ಷ ಕಾಪಾಡಿದ್ದನ್ನು ಒಂದು ಮಂಡಿಗೋಸ್ಕರ ಬಿಟ್ಟುಕೊಡುವುದೇ? ಹತ್ತು ಗಂಟೆಗೆ ಅವರು ತಿರುಗಾಡಲು ಹೊರಡುತ್ತಾರೆ, ಆಮೇಲೆ ತೆವಳಿಕೊಂಡಾದರೂ ಹೋದರಾಯಿತು ಎಂದು ಹಲ್ಲು ಕಚ್ಚಿ ಕೂತಳು. ಹತ್ತಾಯಿತು. ಗೇಟಿನ ಸದ್ದು ಬರಲಿಲ್ಲ. ಅದರ ಬದಲು ಬೇಲಿಯ ಹತ್ತಿರ ಯಾರೋ ಗಂಟಲು ಸರಿಮಾಡಿಕೊಂಡ ಸದ್ದು ಬಂತು.

ನೆಸ್ಟಾ ಉಸಿರು ಬಿಗಿಹಿಡಿದಳು.

"ಕ್ಷಮಿಸ್ಬೇಕು," ಎಂದಿತು ದನಿ. ಹಲಗೆಸಂದಿಯಿಂದ ನೋಡಿದರೆ ಲೆನರ್ಡ್ ಡಬ್ಬಿಗೆ ಬೆನ್ನು ಹಾಕಿ, ಗುಡ್ಡದ ಕಡೆ ಮುಖ ಮಾಡಿ ನಿಂತಿದ್ದ. "ಬೇಲಿಯಾಚೆ ಯಾರೂ ಇಲ್ಲ ಅಂತ ನಂಗೊತ್ತು. ಸಣ್ಣವನಿದ್ದಾಗಿಂದ ಗೊತ್ತು. ಆದ್ರೆ ಇವತ್ತು ಹೊಗೆ ಬಂದಿಲ್ಲ. ಅದಕ್ಕೇ... ಇಲ್ಲದೇ ಇರೋರಿಗೆ ಏನಾದ್ರೂ ತೊಂದ್ರೆ ಆಗಿದ್ಯಾ ಅಂತ."

ನೆಸ್ಟಾ ಕೈಯಲ್ಲಿದ್ದ ಕೋಲನ್ನು ಪಕ್ಕಕ್ಕಿಟ್ಟಳು.

"ಇಲ್ಲಿ ಯಾರೂ ಇಲ್ಲ," ಎಂದಳು ನೆಸ್ಟಾ ಒಳಗಿನಿಂದ. "ಆದ್ರೆ ಇಲ್ಲದವಳ ಮಂಡಿ ಹಿಡ್ಕೊಂಡಿದೆ."

"ಒಳಗೆ ಬರ್ಬಹುದಾ?"

"ಬೂಟು ಒರೆಸ್ಕೊಂಡು ಬನ್ನಿ."

ಅವನು ತಲೆ ಬಗ್ಗಿಸಿಕೊಂಡು ಒಳಗೆ ಬಂದು, ಅವಳ ಕಂಕುಳಿಗೆ ಕೈಕೊಟ್ಟು ಎಬ್ಬಿಸಿ ಹಲಗೆಯ ಮೇಲೆ ಕೂರಿಸಿದ. ಒಲೆ ಹಚ್ಚಿದ. ಕೆಟಲು ಇಟ್ಟ. ಸೀಟಿಯಿಲ್ಲದ ಕೆಟಲನ್ನು ತಿರುಗಿಸಿ ನೋಡಿ ನಕ್ಕ. ಸುತ್ತ ನೋಡುವ ಅವನ ಕಣ್ಣು ಮಾತ್ರ ಅಂಗಡಿಯ ಗಾಜಿಗೆ ಮೂಗು ಒತ್ತಿದ ಹುಡುಗನ ಕಣ್ಣಾಗಿತ್ತು.

"ಯಾವಾಗಿಂದ ಗೊತ್ತು?" ಎಂದಳು ನೆಸ್ಟಾ. ಅವಳ ಕೆನ್ನೆ ಕೆಂಪಾಗಿತ್ತು.

"ಮೊದಲ್ನೇ ಬೆಳಗ್ಗೆಯಿಂದ್ಲೇ. ಬೇಲಿಗೆ ಬೆಂಕಿ ಬಿದ್ದಿದೆ ಅಪ್ಪಾ ಅಂತ ಕೂಗ್ತಾ ಓಡಿದ್ದೆ. ನಮ್ಮಪ್ಪ ಕಿವಿ ಹಿಂಡಿ, ಅಲ್ಲಿ ಬೇಲೀನೇ ಇಲ್ಲ, ಹೊಗೇನೂ ಇಲ್ಲ, ಆ ಕಡೆ ನೋಡಿದ್ರೆ ಜೋಕೆ ಅಂದ್ರು. ನಾವು ಬೀಗ ಮಾಡೋ ಜನ. ಮುಚ್ಚಿದ್ದನ್ನ ತೆಗೆಯೋದು ನಮ್ಮ ಕಸುಬಲ್ಲ ಅಂತಿದ್ರು."

"ಅಂದ್ರೆ ದಿನಾ ಬೆಳಗ್ಗೆ ಎದ್ದು ಹೋಗ್ತಿದ್ದದ್ದು..."

"ನಿಮ್ಮಮ್ಮ ನೀರು ತುಂಬ್ಕೊಳ್ಳಿ, ಬಟ್ಟೆ ಒಣಗಿಸ್ಲಿ, ಮಕ್ಕಳು ಆಡ್ಕೊಳ್ಳಿ ಅಂತ. ಮಳೇಲಿ ಬಂಡೆ ಕೆಳಗೆ ಕೂತು ನಡುಗ್ತಾ ಗಡಿಯಾರ ನೋಡ್ತಿದ್ವಿ. ನನ್ನ ತಂಗಿಗೆ ಒಂದು ವರ್ಷ ಸಂಜೆವರೆಗೆ ಹಲ್ಲು ಕಟಕಟ ನಿಲ್ಲಲೇ ಇಲ್ಲ."

"ಅಯ್ಯೋ ದೇವ್ರೇ! ನಮ್ಮಪ್ಪ ನಿಮ್ಮನ್ನ ಹುಚ್ಚರು ಅಂತಿದ್ರು."

"ನಮ್ಮಮ್ಮ ನಿಮ್ಮನ್ನ ಅಂತಿದ್ದದ್ದೂ ಅದೇ."

ಹೀಗಾಗಿ ಆ ವರ್ಷಗಳಲ್ಲೆಲ್ಲ ಮನೆಯೊಡೆಯರೂ ಹೊರಗೆ, ಬಾಡಿಗೆಯವರೂ ಹೊರಗೆ. ಮನೆ ಮಾತ್ರ ಒಳಗೆ ಬೆಚ್ಚಗಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎನ್ನುತ್ತಾರಲ್ಲ, ಇಲ್ಲಿ ಬೆಕ್ಕಿಗೆ ಮುಜುಗರವಾಗದಿರಲೆಂದು ನೋಡಿದವರೂ ಕಣ್ಣು ಮುಚ್ಚಿಕೊಂಡು ನಿಂತಿದ್ದರು.

"ಕೋಳಿಗಳು?" ಎಂದಳು ನೆಸ್ಟಾ.

"ಕೋಳಿ ಅಂದ್ರೆ ನೀವೇ ಅಂತ ನಮ್ಮನೇಲಿ ಹೆಸರು. 'ಈ ಕೇಕು ಕೋಳಿಗಳಿಗೆ ಸಾಲುತ್ತಾ? ಚಿಕ್ಕ ಕೋಳಿ ಹೋದ ವರ್ಷಕ್ಕಿಂತ ಉದ್ದ ಆಗಿದ್ದಾನೆ' ಅಂತ ನಮ್ಮಮ್ಮ ಅನ್ನೋರು."

"ಪೆಗ್ಗಿ ದೊಡ್ಡಮ್ಮ?"

"ಇರ್ಲಿಲ್ಲ ಅಂತ ಗೊತ್ತಿತ್ತು." ಲೆನರ್ಡ್ ಚಹಾ ಬಗ್ಗಿಸಿದ. "ಆದ್ರೂ ಅವರು ತೀರ್ಕೊಂಡ ವರ್ಷ ಮೇವಿಸ್ ನಿಜವಾಗ್ಲೂ ಅತ್ಲು. ಅಷ್ಟು ವರ್ಷದ ಬಳಕೆ."

ನೆಸ್ಟಾ ನಕ್ಕಳು. ನಗುತ್ತ ನಗುತ್ತ ಅಭ್ಯಾಸಬಲದಿಂದ ಕಂಬಳಿಯ ತುದಿ ಕಚ್ಚಿಕೊಂಡಳು. ಆಮೇಲೆ ಇನ್ನೇನು ಮುಚ್ಚುವುದು ಎಂದು ಬಾಯಿಬಿಟ್ಟು ನಕ್ಕಳು. ಆ ಡಬ್ಬಿಯಲ್ಲಿ ಆಗಸ್ಟ್ ತಿಂಗಳಲ್ಲಿ ಯಾರೂ ಅಷ್ಟು ಗಟ್ಟಿಯಾಗಿ ನಕ್ಕಿರಲಿಲ್ಲ.

ನಗು ಮುಗಿದ ಮೇಲೆ ಭಯ ಬಂತು. ಲೆನರ್ಡ್ ಅವಳನ್ನು ಮೆಲ್ಲಗೆ ನಡೆಸಿಕೊಂಡು ಬೇಲಿ ದಾಟಿಸಿ, ಹಿಂಬಾಗಿಲಿನಿಂದ ಮನೆಯೊಳಗೆ ಕರೆದುಕೊಂಡು ಹೋಗಿ ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿದ. ಹಿಂಬಾಗಿಲಿನಿಂದ, ಆಗಸ್ಟಿನಲ್ಲಿ, ನೇರವಾಗಿ! ಅವಳಿಗೆ ಯಾರದೋ ಮನೆ ಹೊಕ್ಕ ಹಾಗಾಯಿತು. ಅವನು ಏನೂ ಹೇಳದೆ ಮಹಡಿಗೆ ಹೋದ. ತಲೆಯ ಮೇಲೆ ಹೆಜ್ಜೆ ಸದ್ದು. ಬೀರುವಿನ ಬಾಗಿಲು. ಆಮೇಲೆ ನೆಲದ ಮೇಲೆ ಪೆಟ್ಟಿಗೆ ಎಳೆದ ಸದ್ದು.

ಆಯಿತು ಎಂದುಕೊಂಡಳು ನೆಸ್ಟಾ. ಮೇಷ್ಟ್ರು ಹೋದ ಹಾಗೇ ಇವರೂ ಹೋದರು. ಕಣ್ಣು ಮುಚ್ಚಿಕೊಂಡಿದ್ದವರೂ ಒಮ್ಮೆ ತೆರೆದ ಮೇಲೆ ಮತ್ತೆ ಮುಚ್ಚಿಕೊಳ್ಳಲಾದೀತೇ?

ಲೆನರ್ಡ್ ಪೆಟ್ಟಿಗೆ ಹಿಡಿದು ಇಳಿದು ಬಂದ. ನೆಸ್ಟಾ ದನಿ ನಡುಗದ ಹಾಗೆ ನೋಡಿಕೊಂಡು ಹೇಳಿದಳು: "ಬಸ್ಸಿಗೆ ಇನ್ನೂ ಹೊತ್ತಿದೆ. ಒಂದು ಚೂರು ಏನಾದ್ರೂ ತಿಂದು ಹೋಗಿ."

"ಯಾವ ಬಸ್ಸು?"

"ಮಧ್ಯಾಹ್ನದ್ದು."

ಅವನು ಪೆಟ್ಟಿಗೆ ಕೆಳಗಿಟ್ಟ. ಟೋಪಿಯನ್ನು ಎರಡೂ ಕೈಯಲ್ಲಿ ತಿರುಗಿಸುತ್ತ ನಿಂತ. "ಟ್ರಾಂಟರ್ ಅವರೇ, ಒಂದು ಮಾತು ಕೇಳ್ಲಾ? ಏನೂ ಅನ್ಕೋಬಾರ್ದು. ಏಳು ವರ್ಷದ ಹುಡುಗ ಆಗಿದ್ದಾಗ ನಾನು ಈ ಮಹಡಿ ಕೋಣೇಲಿ ಮಲಗಿ ಕಿವಿಗೊಟ್ಟು ಕೇಳ್ತಿದ್ದೆ. ಕತ್ತಲಾಗ್ತಿದ್ದಂಗೆ ಆ ಕಡೆಯಿಂದ ನಗು ಬರೋದು. ಗಟ್ಟಿ ನಗು ಅಲ್ಲ, ಮೂಗಲ್ಲಿ ಅದುಮಿಟ್ಟ ನಗು. ನಮ್ಮನೇಲಿ ಯಾರೂ ಹಂಗೆ ನಗ್ತಿರ್ಲಿಲ್ಲ. ಬಾಡಿಗೆ ಕೊಟ್ಟು ರಜೆಗೆ ಬಂದೋರು ನಾವು, ಆದ್ರೆ ರಜಾ ಇರೋದು ಬೇಲಿಯಾಚೆ ಅನ್ನಿಸೋದು. ಮೇವಿಸ್‌ಗೂ ಹೇಳಿದ್ದೆ. ಹೋಗಿ ಕೇಳ್ರೀ ಒಂದ್ಸಲ ಅಂತಿದ್ಲು. ಹೇಗೆ ಕೇಳೋದು, ಇಲ್ಲದೇ ಇರೋ ಜಾಗಾನ?" ಅವನು ಟೋಪಿ ತಿರುಗಿಸುವುದನ್ನು ನಿಲ್ಲಿಸಿದ. "ಈ ಉಳಿದ ದಿನ ನೀವು ಇಲ್ಲಿರಿ. ನಾನು ಅಲ್ಲಿರ್ಲಾ?"

ಅದು ನೆಸ್ಟಾಳ ಆಗಸ್ಟು. ಅವಳ ಅಪ್ಪನ ಹಲಗೆ. ಬಿಟ್ಟುಕೊಡುವುದು ಸುಲಭವಲ್ಲ. ಆದರೆ ಎದುರಿಗೆ ನಿಂತ ಮುದುಕನ ಮುಖದಲ್ಲಿ ಕಿವಿ ಹಿಂಡಿಸಿಕೊಂಡ ಹುಡುಗನಿದ್ದ.

"ನಿಮ್ಮ ಕಾಲು ಹಲಗೆಯಿಂದ ಆಚೆ ಬರುತ್ತೆ," ಎಂದಳು.

"ಬರ್ಲಿ."

"ಎಡಗಡೆ ಹಲಗೆ ನಮ್ಮಪ್ಪಂದು. ಅಲ್ಲಿ ಮಲಗಿ. ಮಳೆ ಬಂದ್ರೆ ಮೂಲೇಲಿ ಸೋರುತ್ತೆ, ಬೋಗುಣಿ ಇಡಿ. ಮೆಟ್ಟಿಲು ಹುಷಾರು."

"ಆಯ್ತು."

"ಮತ್ತೆ ಹಿಂಗ್ಲಿಯವರೇ, ಸೀನು ಬಂದ್ರೆ ದಿಂಬು ಇದೆ."

ಅವನು ಪೆಟ್ಟಿಗೆ ಎತ್ತಿಕೊಂಡು ಹಿಂಬಾಗಿಲಿನಿಂದ ಹೊರಟ. ಎರಡು ಹೆಜ್ಜೆ ಹಾಕಿ ನಿಂತು, ಏನೋ ನೆನಪಾದವನಂತೆ ಹಿಂದಕ್ಕೆ ಬಂದು, ಮುಂಬಾಗಿಲಿನಿಂದ ಹೋಗಿ, ಗೇಟು ದಾಟಿ, ದಾರಿ ಇಳಿದ. ಹೊಲ ಸುತ್ತಿಕೊಂಡೇ ಹೋದ. ನೆಸ್ಟಾ ಕಿಟಕಿಯಿಂದ ನೋಡಿ ತಲೆಯಾಡಿಸಿದಳು. ಸರಿಯಾಗಿ ಕಲಿತಿದ್ದಾರೆ.

ಆ ಭಾನುವಾರ ಡಿಲಿಸ್ ಅತ್ತೆಯನ್ನು ನೋಡಲು ಹತ್ತಿ ಬಂದಾಗ ಸಂಜೆ ಬಿಸಿಲು ಬಂಡೆಗಳ ಮೇಲಿತ್ತು. ನೆಸ್ಟಾ ಅಡುಗೆಮನೆಯ ಕಿಟಕಿಯ ಪಕ್ಕ, ಊದಿದ ಕಾಲನ್ನು ಮಣೆಯ ಮೇಲಿಟ್ಟು ಕೂತಿದ್ದಳು. ಒಲೆಯಿಂದ ಆಗ ತಾನೇ ತೆಗೆದ ವಿಂಬೆರಿ ಪೈ ಮೇಜಿನ ಮೇಲೆ ಹಬೆಯಾಡುತ್ತಿತ್ತು. ಗೋಡೆಯ ಮೇಲೆ ಫೋಟೋಗಳು ಇರಲಿಲ್ಲ. ಆಗಸ್ಟಿನಲ್ಲಿ ಅವು ಪೆಟ್ಟಿಗೆಯಲ್ಲೇ ಇರಬೇಕು.

"ಇದೇನತ್ತೆ, ಮನೇಲಿದ್ದೀಯ! ಅಂತೂ ಬುದ್ಧಿ ಬಂತು. ಆ ಮನುಷ್ಯ ಹೊರಟ್ರಾ?"

ನೆಸ್ಟಾ ಪೈಯನ್ನು ಅರ್ಧಕ್ಕೆ ಕತ್ತರಿಸಿ, ಅರ್ಧವನ್ನು ತಟ್ಟೆಗೆ ಹಾಕಿ, ಬಟ್ಟೆ ಮುಚ್ಚಿದಳು. "ತಗೋ. ಅಳತೆ ತಪ್ಪಿ ಜಾಸ್ತಿ ಆಗಿದೆ. ಮೋಟುಗೋಡೆ ಮೇಲೆ ಇಟ್ಟು ಬಾ. ಕೋಳಿಗಳಿಗೆ."

"ಯಾವ ಕೋಳಿ? ಕೋಳಿ ಎಲ್ಲಿವೆ ನಿಂಗೆ?"

"ಇಡು ಅಂದ್ರೆ ಇಡೇ."

ಡಿಲಿಸ್ ಗೊಣಗುತ್ತ ತಟ್ಟೆ ಹಿಡಿದು ಹೊರಗೆ ಹೋದವಳು ಅಲ್ಲೇ ನಿಂತಳು. ಪ್ಲಮ್ ಗಿಡಗಳ ತಲೆಯ ಮೇಲೆ ತೆಳ್ಳಗಿನ ನೀಲಿ ಹೊಗೆಯೊಂದು ನೆಟ್ಟಗೆ ಏಳುತ್ತಿತ್ತು. ಆಚೆಯಿಂದ ಏನೋ ದಬ್ಬೆಂದು ಬಿದ್ದ ಸದ್ದು, ಹಿಂದೆಯೇ ಮೂಗಿನಲ್ಲಿ ಅದುಮಿಟ್ಟ ನಗು.

"ಅತ್ತೇ! ಬೇಲಿ ಹಿಂದೆ ಯಾರೋ ಇದ್ದಾರೆ!"

ಈ ಮನೆಯ ಕಿಟಕಿಯಲ್ಲಿ ಕೂತು ಆಗಸ್ಟಿನ ಆ ಹೊಗೆಯನ್ನು ನೋಡಿದ್ದು ನೆಸ್ಟಾ ಇದೇ ಮೊದಲು. ಹೀಗೆ ಕಾಣಿಸುತ್ತಿತ್ತೇ ನಮ್ಮ ಒಲೆ? ಅಪ್ಪ ಸೌದೆ ಒಟ್ಟುತ್ತಿದ್ದಾನೆ, ಅಮ್ಮ ಪೈ ತಿರುಗಿಸುತ್ತಿದ್ದಾಳೆ ಎಂಬಷ್ಟು ನೆಟ್ಟಗೆ, ನಿಧಾನವಾಗಿ ಏಳುತ್ತಿತ್ತು. ಅವಳು ಎರಡೂ ಕೈಯೂರಿ, ಕುರ್ಚಿಯನ್ನು ಮೆಲ್ಲಗೆ ಕಿಟಕಿಗೆ ಬೆನ್ನಾಗುವಂತೆ ತಿರುಗಿಸಿಕೊಂಡಳು.

"ಅಲ್ಲಿ ಯಾರೂ ಇಲ್ಲ," ಎಂದಳು. "ಆ ಕಡೆ ನೋಡ್ಬೇಡ. ತಟ್ಟೆ ಇಟ್ಟು ಒಳಗೆ ಬಾ."